ಮೂರು ಬಾಯಿ, ಒಂದು ಬಾತ್ಮಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹಳೆಯ ಮಂದಿ ಪತ್ರಿಕೆಯ ವರದಿಗಾರನಿಗೆ ಬಾತ್ಮೀದಾರ ಅಂತಾರೆ. ಬಾತ್ಮಿ ಅಂದರೆ ಸುದ್ದಿ, ಮರಾಠಿ ಕಡೆಯಿಂದ ಬಂದ ಮಾತು. ಪೊಲೀಸ್ ಠಾಣೆಗೆ ಹೋದರೆ ಅಲ್ಲಿಯೂ ಇದೇ ಶಬ್ದ. 'ಖಚಿತ ಬಾತ್ಮಿ ಬಂದ ಮೇರೆಗೆ ದಾಳಿ ಮಾಡಲಾಗಿ' ಎಂದು ಅವರ ಕಾಗದಪತ್ರದಲ್ಲಿ ಇರುತ್ತದೆ. ಅಲ್ಲಿ ಬಾತ್ಮೀದಾರ ಅಂದರೆ ಗುಟ್ಟಾಗಿ ಸುಳಿವು ಕೊಡುವವ. ಹೀಗಾಗಿ ಬೈರಿದೇವರಕೊಪ್ಪದ ಚಹಾದಂಗಡಿಯಲ್ಲಿ ಹಿರಿಯರು ಯಾರಾದರೂ "ಇಂವ ನಮ್ಮ ಬಾತ್ಮೀದಾರ" ಎಂದು ನನ್ನ ಪರಿಚಯ ಮಾಡಿಸಿದರೆ, ಹೊಸಬರು ಕಪ್ಪು ಕೆಳಗಿಟ್ಟು ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ.

ನಿಜ ಹೇಳಬೇಕೆಂದರೆ ಎರಡು ಕೆಲಸಗಳೂ ಅಷ್ಟೇನೂ ದೂರದವಲ್ಲ. ಅವನು ತಿಳಿದದ್ದನ್ನು ಒಬ್ಬರಿಗೆ ಹೇಳುತ್ತಾನೆ, ನಾನು ಎಲ್ಲರಿಗೂ ಹೇಳುತ್ತೇನೆ. ಪಗಾರದ ವಿಷಯಕ್ಕೆ ಬಂದರೆ ಇಬ್ಬರಿಗೂ ತಿಂಗಳ ಸಂಬಳ ಇಲ್ಲ, ಸುದ್ದಿಯ ಲೆಕ್ಕದಲ್ಲಿ ದುಡ್ಡು.

ಡಿಪ್ಲೊಮಾ ಮಾಡುವಾಗ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂದು ಕೇಳುವುದನ್ನು ಕಲಿಸಿದರು. ಆದರೆ ಉತ್ತರ ಹೇಳಿದವನನ್ನು ತೂಗುವುದು ಹೇಗೆ ಎಂಬುದಕ್ಕೆ ಒಂದು ಪಾಠ ಇರಲಿಲ್ಲ. ಅದನ್ನು ನಾನು ಗುಪ್ತಚರರ ಬಗ್ಗೆ ಬಂದ ಪುಸ್ತಕ ಓದಿ ಕಲಿತೆ. ಸಿನಿಮಾದ ಗೂಢಚಾರ ಬೇರೆ, ಅವನು ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾನೆ. ನಮ್ಮ ದೇಶದ 'ರಾ' ಸಂಸ್ಥೆಯನ್ನು 1968ರಲ್ಲಿ ಕಟ್ಟಿದ ಆರ್.ಎನ್. ಕಾವ್ ತಮ್ಮ ಫೋಟೊ ಕೂಡ ಹೆಚ್ಚು ತೆಗೆಸಿಕೊಳ್ಳದ ಮನುಷ್ಯ. ಆ ಕೆಲಸದ ದೊಡ್ಡ ಪಾಲು ಕೂತು ಕೇಳುವುದು, ಬರೆದಿಡುವುದು, ಒಂದನ್ನು ಇನ್ನೊಂದಕ್ಕೆ ಹೋಲಿಸಿ ನೋಡುವುದು. ಸಂತೆಗೆ ಹೋಗಿ ಎತ್ತಿನ ಹಲ್ಲು ನೋಡುವ ರೈತನ ಕೆಲಸದಂತೆಯೇ.

ಈ ವಿದ್ಯೆಯ ಬಹಳ ಹಳೆಯ ಪುಸ್ತಕವೊಂದು ಲೋಕಕ್ಕೆ ಮರಳಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿಯ ಕಟ್ಟನ್ನು ತಂದು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಕೊಟ್ಟರು. ಗ್ರಂಥ ಲಿಪಿಯಲ್ಲಿತ್ತು. ಅಲ್ಲಿ ಗ್ರಂಥಪಾಲರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಓದಿ ನೋಡಿದರೆ, ಹೆಸರು ಮಾತ್ರ ಉಳಿದು ಕಳೆದೇ ಹೋಗಿದೆ ಎಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಯಿತು.

ಅದರ ಮೊದಲ ಅಧಿಕರಣದಲ್ಲೇ ಗೂಢಪುರುಷರ ಮಾತು ಬರುತ್ತದೆ. ಯಾರು ಅವರು? ವಿದ್ಯಾರ್ಥಿಯ ವೇಷದವ, ಸನ್ಯಾಸ ಬಿಟ್ಟವ, ಬೇಸಾಯ ಕೈಕೊಟ್ಟ ರೈತ, ವ್ಯಾಪಾರ ಕುಸಿದ ವರ್ತಕ, ತಪಸ್ವಿ. ಇವರೆಲ್ಲ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ನಿಂತರೆ ಕಣ್ಣಿಗೆ ಬೀಳುವ ಮಂದಿ. ಬೇಸಾಯ ಕೈಕೊಟ್ಟ ರೈತರಂತೂ ಹುಡುಕುವುದೇ ಬೇಡ. ಸುದ್ದಿ ಇರುವುದು ದೊಡ್ಡವರ ಹತ್ತಿರ ಅಲ್ಲ, ದೊಡ್ಡವರ ಸುತ್ತ ಇದ್ದೂ ಯಾರ ಲೆಕ್ಕಕ್ಕೂ ಬಾರದವರ ಹತ್ತಿರ ಎಂದು ಆ ಕಾಲಕ್ಕೇ ಗೊತ್ತಿತ್ತು. ನಾನು ತಾಲೂಕು ಕಚೇರಿಗೆ ಹೋದರೆ ಸಾಹೇಬರ ಕೋಣೆಗೆ ಆಮೇಲೆ ಹೋಗುತ್ತೇನೆ. ಮೊದಲು ಝೆರಾಕ್ಸ್ ಅಂಗಡಿ.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರು ಒಂದೇ ಸಂಗತಿ ಹೇಳಿದರೆ ಆಗ ನಂಬಬೇಕು. ಇದರಲ್ಲಿ ಮೂರು ಎಂಬುದಕ್ಕಿಂತ 'ಒಬ್ಬರನ್ನೊಬ್ಬರು ಅರಿಯದ' ಎಂಬುದೇ ಮುಖ್ಯ. ನಾವು ಎಡವುವುದು ಅಲ್ಲೇ. ಮೂವತ್ತು ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತು ಮೂವತ್ತು ಬಾಯಿಯದಲ್ಲ. ಎಲ್ಲೋ ಒಂದು ಬಾಯಿ, ಇಪ್ಪತ್ತೊಂಬತ್ತು ಹೆಬ್ಬೆರಳು.

2018ರ ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿರಬಹುದು. ತಿರುಗಾಡಲು ಬಂದ ಗೆಳೆಯರು ದಾರಿಯಲ್ಲಿ ಒಂದು ಹಳ್ಳಿಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಾರೆ ಎಂದು ಆಗ ರಾಜ್ಯದ ತುಂಬ ಸುದ್ದಿ ಹರಿದಾಡುತ್ತಿತ್ತು. ಅವರ ಕಾರು ಓಡುವ ಮೊದಲೇ ಮೆಸೇಜು ಓಡಿ ಮುಂದಿನ ಊರು ಮುಟ್ಟಿತು. ಹೈದರಾಬಾದಿನ ಒಬ್ಬ ತರುಣ ಎಂಜಿನಿಯರನನ್ನು ಜನ ಹೊಡೆದು ಕೊಂದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆ ಗುಂಪಿನಲ್ಲಿದ್ದ ಎಷ್ಟೋ ಜನ ಎರಡು-ಮೂರು ಕಡೆಯಿಂದ ಕೇಳಿಯೇ ಬಂದಿದ್ದೇವೆ ಎಂದು ತಿಳಿದಿರಬೇಕು.

ದೊಡ್ಡ ದೇಶಗಳೂ ಇದೇ ಹಳ್ಳಕ್ಕೆ ಬಿದ್ದಿವೆ. ಇರಾಕಿನಿಂದ ಜರ್ಮನಿಗೆ ಓಡಿಬಂದು ಆಶ್ರಯ ಕೇಳಿದ ಒಬ್ಬನಿಗೆ 'ಕರ್ವ್‌ಬಾಲ್' ಎಂಬ ಗುಪ್ತ ಹೆಸರಿತ್ತು. ಲಾರಿಗಳಲ್ಲಿ ರೋಗಾಣು ಅಸ್ತ್ರ ತಯಾರಿಸುತ್ತಾರೆ ಎಂದು ಅವನು ಹೇಳಿದ. ಯುದ್ಧಕ್ಕೆ ಮುಂಚೆ ಅಮೆರಿಕದ ಸಿಐಎ ಅವನನ್ನು ಎದುರು ಕೂರಿಸಿ ಕೇಳಿರಲಿಲ್ಲ. ಆದರೂ 2003ರ ಫೆಬ್ರುವರಿಯಲ್ಲಿ ಆ ಲಾರಿಗಳ ಕತೆ ವಿಶ್ವಸಂಸ್ಥೆಯ ಸಭೆಯವರೆಗೆ ಹೋಯಿತು, ಮುಂದಿನ ತಿಂಗಳು ಯುದ್ಧ ಶುರುವಾಯಿತು. ಲಾರಿಗಳು ಸಿಗಲೇ ಇಲ್ಲ. 2011ರಲ್ಲಿ ಅವನೇ ಒಪ್ಪಿಕೊಂಡ, ಕಟ್ಟಿ ಹೇಳಿದ್ದೆ ಅಂತ.

ಇನ್ನು ನನ್ನ ಡೈರಿಯ ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ನೌಕಾಪಡೆಯ ಗುಪ್ತಚರ ವಿಭಾಗ ಒಂದು ಸುಲಭದ ಲೆಕ್ಕ ಬಳಕೆಗೆ ತಂದಿತು. ಬಂದ ಪ್ರತಿ ಸುದ್ದಿಗೆ ಎರಡು ಗುರುತು. ಹೇಳಿದವನಿಗೆ ಒಂದು ಅಕ್ಷರ, ಎ ಇಂದ ಎಫ್ ತನಕ. ಹೇಳಿದ ಮಾತಿಗೆ ಒಂದು ಅಂಕಿ, 1ರಿಂದ 6ರ ತನಕ. ಎ ಅಂದರೆ ಪೂರ್ತಿ ನಂಬಿಗಸ್ತ, 1 ಅಂದರೆ ಬೇರೆ ಕಡೆಯಿಂದಲೂ ಖಾತ್ರಿಯಾದ ಮಾತು. ಎಫ್ ಅಂದರೆ ಸುಳ್ಳುಗಾರ ಅಲ್ಲ, ಇನ್ನೂ ತೂಗಲು ಬಾರದವ. 6 ಅಂದರೂ ಹಾಗೆಯೇ.

ಮನುಷ್ಯನನ್ನೂ ಮಾತನ್ನೂ ಬೇರೆ ಬೇರೆ ತೂಗುವುದರಲ್ಲೇ ಇದರ ಸ್ವಾರಸ್ಯ ಇದೆ. ಅಮರಗೋಳದ ಎಪಿಎಂಸಿಯಲ್ಲಿ ನನಗೆ ಪರಿಚಯದ ಹಮಾಲರೊಬ್ಬರಿದ್ದಾರೆ. ಯಾವ ದಿನ ಎಷ್ಟು ಗಾಡಿ ಮೆಣಸಿನಕಾಯಿ ಬಂತು ಎಂದು ಅವರು ಹೇಳಿದರೆ ನಾನು ಎರಡನೇ ಮಾತು ಕೇಳುವುದಿಲ್ಲ. ಅದೇ ಹಿರಿಯರು ಮುಂದಿನ ಶಾಸಕ ಯಾರು ಎಂದು ಹೇಳಿದರೆ ನಗುತ್ತಾ ಬರೆದುಕೊಳ್ಳುತ್ತೇನೆ: ಎ-5. ಇದಕ್ಕೆ ತಿರುಗಾಮುರುಗಾ ಆಗುವುದೂ ಉಂಟು. ಊರಲ್ಲಿ ಕುಡುಕ ಎಂದು ಯಾರೂ ಮಾತಿಗೆ ಸೇರಿಸಿಕೊಳ್ಳದವನೊಬ್ಬ, ರಾತ್ರಿ ಹಳ್ಳದಲ್ಲಿ ಮರಳು ತುಂಬುತ್ತಾರೆ ಎಂದು ಹೇಳಿದ್ದ. ಹೋಗಿ ನೋಡಿದೆ. ಟ್ರ್ಯಾಕ್ಟರಿನ ಹಸಿ ಗಾಲಿ ಗುರುತು ಇತ್ತು. ಡಿ-1.

2022ರ ಏಪ್ರಿಲ್‌ನಲ್ಲಿ ಒಂದು ವಾಟ್ಸಾಪ್ ಸ್ಟೇಟಸ್ಸಿನಿಂದ ಹಳೇ ಹುಬ್ಬಳ್ಳಿಯಲ್ಲಿ ಗಲಾಟೆ ಎದ್ದು ಪೊಲೀಸ್ ಠಾಣೆಗೆ ಕಲ್ಲು ಬಿದ್ದ ರಾತ್ರಿ, ನಮ್ಮ ಬೈರಿದೇವರಕೊಪ್ಪದಲ್ಲೂ ಶುರುವಾಗಿದೆ ಎಂದು ನನಗೆ ಫೋನು ಬಂತು. ನಾನು ನಿಂತದ್ದೇ ಬೈರಿದೇವರಕೊಪ್ಪದ ರಸ್ತೆ ಮೇಲೆ. ಚಿಗರಿ ಬಸ್ಸಿನ ನಿಲ್ದಾಣದ ಹತ್ತಿರ ಎರಡು ನಾಯಿ ಬಿಟ್ಟರೆ ಏನೂ ಇರಲಿಲ್ಲ.

ಈ ಲೆಕ್ಕ ಬರೀ ಸುದ್ದಿಗೆ ಬಂದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಮನೆಗೂ ಬಂತು.

ನಮ್ಮ ಕಾಕಾಗೆ ನಾಲ್ಕು ಎಕರೆ ಎರಿಹೊಲ. ಒಬ್ಬನೇ ಮಗ, ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ. ಸಪ್ತಾಪುರ ನೋಡಿದವರಿಗೆ ಗೊತ್ತು, ಓಣಿ ತುಂಬ ಕೋಚಿಂಗ್ ಬೋರ್ಡು, ಓಣಿ ತುಂಬ ಹಳ್ಳಿಯ ಹುಡುಗರು. ಒಂದು ದಿನ ಕಾಕಾ ಫೋನ್ ಮಾಡಿದರು.

"ತಮ್ಮಾ, ಹೊಲಕ್ಕ ಗಿರಾಕಿ ಬಂದಾನ. ಕೊಟ್ಟಬಿಡಬೇಕಂತ ಮಾಡೇನಿ."

"ಯಾಕ ಕಾಕಾ, ಏನಾತು?"

"ಹುಡುಗನ ನೌಕರಿ ಮಾತು. ಹದಿನೈದು ಲಕ್ಷ ಅಂತ. ಅರ್ಧ ಈಗ, ಅರ್ಧ ಆರ್ಡರ್ ಬಂದ ಮ್ಯಾಲೆ. ಮನುಷ್ಯಾ ಪಕ್ಕಾ ಅದಾನ. ಮೂರ್ ಮಂದಿ ಹೇಳ್ಯಾರ, ಮೂರೂ ಮಂದಿ ನಂಬಿಗಸ್ತರು."

ಮೂರು ಮಂದಿ! ಕೌಟಿಲ್ಯನನ್ನು ಓದದೆಯೂ ಕಾಕಾ ಮೂರು ಬಾಯಿ ಎಣಿಸಿದ್ದರು. ನಾನು ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಹೊಲವೂ ಮುಗಿಯುತ್ತಿತ್ತು. ಆ ಮೂವರ ಹೆಸರು ಕೇಳಿ ಇಸಿದುಕೊಂಡೆ. ಒಬ್ಬರು ಬೀಗರು, ಒಬ್ಬರು ಸೊಸೈಟಿಯಿಂದ ನಿವೃತ್ತರಾದವರು, ಒಬ್ಬರು ಗೊಬ್ಬರದ ಅಂಗಡಿಯವರು. ಎರಡು ಸಂಜೆ ಮೂವರ ಜೊತೆಗೂ ಮಾತಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ: "ನಿಮಗ ಯಾರ ಹೇಳಿದ್ರಿ?"

ಬೀಗರಿಗೆ ಹೇಳಿದ್ದು ಗೊಬ್ಬರದ ಅಂಗಡಿಯವರು. ಸೊಸೈಟಿಯವರು ಕೇಳಿದ್ದು ಅದೇ ಅಂಗಡಿಯ ಬಾಕಿನ ಮೇಲೆ ಕೂತು. ಅಂಗಡಿಯವರಿಗೆ ಹೇಳಿದ್ದು ಆ ಮನುಷ್ಯನೇ. ಗೊಬ್ಬರ ಕೊಳ್ಳದೆ ವಾರಕ್ಕೆ ಎರಡು ಸಲ ಬಂದು ಕೂತು ಚಹಾ ಕುಡಿದು ಹೋಗುತ್ತಿದ್ದನಂತೆ. ಮೂವರೂ ಸುಳ್ಳು ಹೇಳುವವರಲ್ಲ. ಮೂವರಿಗೂ ನನ್ನ ಡೈರಿಯಲ್ಲಿ ಎ ಕೊಡಬಹುದು. ಆದರೆ ಬಾಯಿ ಒಂದೇ, ಅದೂ ದುಡ್ಡು ಪಡೆಯುವವನದು.

ಆಮೇಲೆ ಕಾಕಾನ ಜೊತೆ ಕಟ್ಟೆಯ ಮೇಲೆ ಕೂತು ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿದೆ. ಸಿಐಎದಲ್ಲಿ ಬಹಳ ವರ್ಷ ಇದ್ದ ರಿಚರ್ಡ್ಸ್ ಹೋಯರ್ ಎಂಬಾತ ಕಲಿಸಿದ ಪದ್ಧತಿ ಇದು. ನಾವು ಸಾಮಾನ್ಯವಾಗಿ ನಮ್ಮ ಮನಸ್ಸಿನಲ್ಲಿದ್ದದ್ದಕ್ಕೆ ಪುರಾವೆ ಕೂಡಿಸುತ್ತೇವೆ, ಅದು ಯಾವಾಗಲೂ ಸಿಗುತ್ತದೆ. ಅದರ ಬದಲು ಎಲ್ಲಾ ಸಾಧ್ಯತೆಗಳನ್ನೂ ಅಕ್ಕಪಕ್ಕ ಇಟ್ಟು, ಯಾವ ಪುರಾವೆ ಯಾವುದನ್ನು ಹೊಡೆದುಹಾಕುತ್ತದೆ ಎಂದು ನೋಡಬೇಕು. ಎರಡು ಕಡೆಗೂ ಹೊಂದುವ ಪುರಾವೆಗೆ ಕವಡೆ ಕಿಮ್ಮತ್ತಿಲ್ಲ.

ಒಂದು ಸಾಲಿನ ಮೇಲೆ 'ಸಾಚಾ', ಇನ್ನೊಂದರ ಮೇಲೆ 'ಖೋಟಾ' ಎಂದು ಬರೆದೆ. ಕಾಕಾ ಒಂದೊಂದೇ ಹೇಳಿದರು. ಬಿಳಿ ಕಾರಿನಲ್ಲಿ ಬರುತ್ತಾನೆ. ಸಾಚಾ ಆದರೂ ಬಂದಾನು, ಖೋಟಾ ಆದರೂ ಬಂದಾನು. ಮಂತ್ರಿಗಳ ಜೊತೆ ಫೋಟೊ ಇದೆ. ಅದು ನನ್ನ ಮೊಬೈಲಿನಲ್ಲಿ ಹತ್ತು ಇದ್ದಾವೆ. ಪರೀಕ್ಷೆಯ ತಾರೀಖು ಮೊದಲೇ ಹೇಳಿದ್ದ. ನೋಡಿದರೆ ಅದು ಅಧಿಸೂಚನೆಯಲ್ಲೇ ಇತ್ತು. ಹೋದ ಸಲ ಹತ್ತು ಮಂದಿಗೆ ಕೊಡಿಸೀನಿ ಅಂದಿದ್ದ.

ಅಲ್ಲಿ ಪೆನ್ನು ನಿಲ್ಲಿಸಿದೆ. ಆಯ್ಕೆಯಾದವರ ಪಟ್ಟಿ ಬಹಿರಂಗ, ಹೆಸರಿನ ಸಮೇತ ಇಂಟರ್‌ನೆಟ್ಟಿನಲ್ಲಿ ಇರುತ್ತದೆ. ಹತ್ತರಲ್ಲಿ ಒಂದೇ ಒಂದು ಹೆಸರು ಕೊಟ್ಟರೂ ತೂಗಿ ನೋಡಬಹುದು.

"ನೀವೇ ಕೇಳ್ರಿ ಕಾಕಾ. ನಾ ಬಂದ್ರ ಪೇಪರನಾಂವ ಬಂದ ಅಂತ ಬಾಯಿ ಮುಚ್ಚತಾನ."

ಕಾಕಾ ಕೇಳಿದರು. ಇಂಥಾದ್ದೆಲ್ಲ ಗುಟ್ಟು, ಹೇಳಬಾರದು ಎಂದು ಉತ್ತರ ಬಂತು. ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿದ್ದಕ್ಕೆ, ನಂಬಿಕೆ ಇಲ್ಲದವರ ಕೆಲಸ ತಾನು ಮಾಡುವುದಿಲ್ಲ ಎಂದು ಸಿಟ್ಟು ಮಾಡಿಕೊಂಡನಂತೆ.

ಒಂದು ವೇಳೆ ಅವನು ಸಾಚಾ ಎಂದೇ ಇಟ್ಟುಕೊಳ್ಳಿ. ಲಂಚ ಕೊಡುವುದೂ ಅಪರಾಧ, 2018ರಲ್ಲಿ ಕಾಯ್ದೆ ತಿದ್ದಿ ಅದನ್ನು ಗಟ್ಟಿ ಮಾಡಿದ್ದಾರೆ. ನಮ್ಮ ರಾಜ್ಯದ 545 ಪಿಎಸ್‌ಐ ಹುದ್ದೆಯ ಕತೆ ಕಣ್ಣ ಮುಂದಿದೆ. 2021ರ ಅಕ್ಟೋಬರಿನಲ್ಲಿ ಪರೀಕ್ಷೆ, 2022ರ ಏಪ್ರಿಲ್‌ನಲ್ಲಿ ಅಕ್ರಮ ಹೊರಬಿದ್ದು ನೇಮಕಾತಿ ರದ್ದು, 2024ರ ಜನವರಿಯಲ್ಲಿ ಮರುಪರೀಕ್ಷೆ. ದುಡ್ಡು ಕೊಟ್ಟವರು ಜೈಲು ಕಂಡರು, ಒಂದು ಪೈಸೆ ಕೊಡದೆ ಓದಿ ಪಾಸಾದವರೂ ಮತ್ತೆ ಬರೆಯಬೇಕಾಯಿತು. ಇದನ್ನೂ ಕಾಕಾಗೆ ಹೇಳಿದೆ. ಅವರು ಹಾಳೆ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎದ್ದು ಹೋದರು.

ಹೊಲ ಮಾರಲಿಲ್ಲ. ಹುಡುಗ ಪರೀಕ್ಷೆ ಬರೆದ, ಆಗಲಿಲ್ಲ. ಈಗ ಹಗಲು ಗೋಕುಲ ರೋಡಿನ ಒಂದು ಗೋದಾಮಿನಲ್ಲಿ ಕೆಲಸ, ರಾತ್ರಿ ಓದು. ಈ ಸಲ ಹತ್ತಿಗೆ ರೇಟು ಚಲೋ ಬಂದಾಗ ಕಾಕಾ ಮದುವೆಯೊಂದರಲ್ಲಿ ನಾಲ್ಕು ಜನರ ಮುಂದೆ "ಇಂವ ನಮ್ಮ ಹೊಲಾ ಉಳಿಸಿದ" ಅಂದರು. ಹಬ್ಬಕ್ಕೆ ಮನೆಗೆ ಹೋದಾಗ ಕಾಕೂ ಮಾತ್ರ, ಪಕ್ಕದ ಓಣಿಯ ಹುಡುಗನಿಗೆ ನೌಕರಿ ಹತ್ತಿದ ಸುದ್ದಿ ಹೇಳಿ ನನ್ನ ಮುಖ ನೋಡಿ ಸುಮ್ಮನಾದರು. ಅವನಿಗೆ ಹೇಗೆ ಹತ್ತಿತು ಎಂದು ನಾನು ಕೇಳಲಿಲ್ಲ. ಓದಿಯೇ ಹತ್ತಿರಬಹುದು.

ಕಾರ್ಗಿಲ್ ನೆನಪಾಗುತ್ತದೆ. 1999ರ ಮೇ 3ರಂದು ಗುಡ್ಡದ ಮೇಲೆ ಹೊರಗಿನವರು ಕೂತಿರುವುದನ್ನು ಮೊದಲು ಕಂಡು ಸೈನ್ಯಕ್ಕೆ ತಿಳಿಸಿದ್ದು ತಾಶಿ ನಾಮ್‌ಗ್ಯಾಲ್ ಎಂಬ ಕುರಿಗಾಹಿ. ತಪ್ಪಿಸಿಕೊಂಡ ತನ್ನ ಯಾಕ್ ಹುಡುಕುತ್ತಿದ್ದ. ಯುದ್ಧ ಮುಗಿದ ಮೇಲೆ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿ ದೇಶದ ಗುಪ್ತಚರ ವ್ಯವಸ್ಥೆಯನ್ನೇ ಬಿಚ್ಚಿ ನೋಡಬೇಕಾಯಿತು. ಆ ಕುರಿಗಾಹಿಗೆ ದಿನದ ಗುಡ್ಡ ಹೇಗಿರುತ್ತದೆ ಎಂಬುದು ಗೊತ್ತಿತ್ತು. ಅದು ಗೊತ್ತಿದ್ದರೇನೇ ಇವತ್ತಿನ ಗುಡ್ಡ ಬೇರೆ ಎಂದು ಕಾಣುವುದು.

ಜಿಲ್ಲೆಯ ಸುದ್ದಿಗಾರನಿಗೆ ಇದಕ್ಕಿಂತ ಉಪಯೋಗದ ಪಾಠ ನಾನು ಕಂಡಿಲ್ಲ. ಕುಂದಗೋಳ ಕಡೆಯ ಒಂದು ಹಳ್ಳಿಯ ಶಾಲೆಯ ಮುಂದೆ ನಾನು ಆಗಾಗ ಬೈಕಿನಲ್ಲಿ ಹೋಗುತ್ತೇನೆ. ಬಾಗಿಲ ಹೊರಗೆ ಸಾಲಾಗಿ ಮಕ್ಕಳ ಚಪ್ಪಲಿ ಇರುತ್ತವೆ. ಒಂದು ವರ್ಷ ಮಳೆ ಕೈಕೊಟ್ಟಾಗ ಆ ಸಾಲು ಅರ್ಧಕ್ಕರ್ಧ ಕಡಿಮೆ ಕಂಡಿತು. ಗಾಡಿ ನಿಲ್ಲಿಸಿ ವಿಚಾರಿಸಿದರೆ ಮಕ್ಕಳು ಅಪ್ಪ-ಅವ್ವನ ಜೊತೆ ಗೋವಾಕ್ಕೆ ಗುಳೆ ಹೋಗಿದ್ದರು. ಹಾಜರಿ ಪುಸ್ತಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಆ ಸುದ್ದಿ ಜಿಲ್ಲಾ ಪುಟದಲ್ಲಿ ಬಂತು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರು ಪ್ರೆಸ್‌ಮೀಟ್ ಇಲ್ಲದ ದಿನ ಏನು ಮಾಡಬೇಕು ಎಂದು ಕೇಳುತ್ತಾರೆ. ಚಪ್ಪಲಿ ಎಣಿಸಬೇಕು.

ಈಗ ಈ ವಿದ್ಯೆಯನ್ನು ನಮಗಿಂತ ಚೆನ್ನಾಗಿ ಕಲಿತವರು ಫೋನಿನಲ್ಲಿ ದುಡ್ಡು ಹೊಡೆಯುವವರು. ಅವರು ನೇರವಾಗಿ ಕೇಳುವುದಿಲ್ಲ. ತಪ್ಪು ಹೇಳಿ ನಮ್ಮ ಬಾಯಿಂದ ಸರಿಯಾದದ್ದನ್ನು ಹೊರಡಿಸುತ್ತಾರೆ. "ನಿಮ್ಮದು ಸ್ಟೇಟ್ ಬ್ಯಾಂಕ್ ಅಲ್ಲವೇ?" "ಇಲ್ರೀ, ಗ್ರಾಮೀಣ ಬ್ಯಾಂಕ್." ಒಂದು ಎಳೆ ಸಿಕ್ಕಿತು. "ಪಿಂಚಣಿ ಐನೂರು ಬರುತ್ತದಲ್ಲ?" "ಏ, ಐನೂರು ಎಲ್ಲೀದು!" ಇನ್ನೊಂದು ಎಳೆ. ತಿದ್ದುವ ಚಟ ಎಲ್ಲರಿಗೂ ಇರುತ್ತದೆ, ಪತ್ರಕರ್ತರಾದ ನಾವೂ ಅಧಿಕಾರಿಗಳಿಂದ ಸುದ್ದಿ ತೆಗೆಯುವುದು ಹೀಗೇ ಎಂದು ಇಲ್ಲಿ ಗುಟ್ಟು ಬಿಟ್ಟುಕೊಡುತ್ತಿದ್ದೇನೆ.

ನಮ್ಮ ಅವ್ವನಿಗೆ ಇಂಥ ಫೋನು ಬಂದಿತ್ತು. ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ ಎಂದವನಿಗೆ ಅವ್ವ, "ಯಾವೂರಪಾ ನಿಮ್ಮದು? ಯಾರ ಪೈಕಿ? ಅಪ್ಪ ಏನ್ ಮಾಡತಾರ? ಲಗ್ನ ಆಗೇತೇನ?" ಎಂದು ಶುರು ಮಾಡಿದಳು. ಎರಡು ನಿಮಿಷಕ್ಕೆ ಅವನೇ ಫೋನಿಟ್ಟ. ಗೂಢಚಾರ ಸಂಸ್ಥೆಗಳು ಇದನ್ನು ವರ್ಷಗಟ್ಟಲೆ ತರಬೇತಿ ಕೊಟ್ಟು ಕಲಿಸುತ್ತವೆ, ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹುಟ್ಟುತ್ತಲೇ ಬಂದಿರುತ್ತದೆ. ಇಷ್ಟು ಧೈರ್ಯ ಇಲ್ಲದವರು ಫೋನು ಕಟ್ ಮಾಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಹಚ್ಚಿ. ಎಷ್ಟು ಬೇಗ ತಿಳಿಸುತ್ತೀರೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೆ ಈ ವಿದ್ಯೆಯ ಕಹಿಯನ್ನೂ ಹೇಳಬೇಕು. ನಮ್ಮ ಭಾಗದಲ್ಲಿ ಬಾತ್ಮಿ ಕೊಡುವವ ಅಂದರೆ ಜನ ಮುಖ ತಿರುಗಿಸುವುದಕ್ಕೆ ಕಾರಣ ಇದೆ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಬಂದೂಕಿನಿಂದ ಹಿಡಿಯಲು ಆಗಲಿಲ್ಲ. 1830ರಲ್ಲಿ ನಮ್ಮವರೇ ಒಳಗೆ ಸೇರಿ, ನಂಬಿಸಿ, ಸುಳಿವು ಕೊಟ್ಟು ಹಿಡಿಸಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಹಿಡಿಸಿದವರನ್ನು ಜನ ಎರಡು ನೂರು ವರ್ಷವಾಗುತ್ತ ಬಂದರೂ ಬಿಟ್ಟಿಲ್ಲ.

ಹಾಗಾಗಿ ನಾನು ಒಂದೆರಡು ಗೆರೆ ಹಾಕಿಕೊಂಡಿದ್ದೇನೆ. ಗೆಳೆಯರಿಗೂ ಮನೆಯವರಿಗೂ ಅಕ್ಷರ-ಅಂಕಿ ಕೊಡುವುದಿಲ್ಲ. ಕಾಕಾನ ವಿಷಯದಲ್ಲೂ ತೂಗಿದ್ದು ಆ ಮನುಷ್ಯನ ಮಾತನ್ನು, ಕಾಕಾನನ್ನಲ್ಲ. ಇನ್ನು ನನಗೆ ಸುದ್ದಿ ಕೊಟ್ಟವರ ಹೆಸರು ಡೈರಿಯಲ್ಲಿ ಇರುವುದಿಲ್ಲ, ಬರೀ ಗುರುತು. ಮರಳಿನ ಸುದ್ದಿ ಹೇಳಿದವನು ಯಾರು ಎಂದು ಒಬ್ಬರು ಚಹಾ ಕುಡಿಸಿ, ಇನ್ನೊಬ್ಬರು ಗದರಿಸಿ ಕೇಳಿದರು. ಪತ್ರಿಕೆ ನನಗೆ ಕೊಡುವುದು ಸುದ್ದಿಗೆ ಇಷ್ಟು ಎಂದು ಚಿಲ್ಲರೆ ರೊಕ್ಕ. ಅದಕ್ಕೋಸ್ಕರ ಆ ಮನುಷ್ಯ ರಾತ್ರಿ ಒಂಟಿಯಾಗಿ ಮನೆಗೆ ಹೋಗುವಾಗ ಹಿಂದೆ ತಿರುಗಿ ನೋಡಬೇಕಾದ ಸ್ಥಿತಿ ಬರಬಾರದು. ಹುಬ್ಬಳ್ಳಿಯಿಂದ ಬಂದ ಯಾರೋ ಹೇಳಿದರು ಎಂದು ಇಬ್ಬರಿಗೂ ಹೇಳಿ ಕಳಿಸಿದೆ.

ನಿನ್ನೆ ಸಂಜೆ ಡೈರಿಯಲ್ಲಿ ಬರೆದದ್ದು ಇಷ್ಟು: ನವಲಗುಂದ ಕಡೆಯ ಒಂದು ಊರಿನಲ್ಲಿ ಕುಡಿಯುವ ನೀರಿನ ಘಟಕ ಬಂದ್ ಆಗಿ ಇಪ್ಪತ್ತು ದಿನವಾಯಿತಂತೆ, ಕಾಗದದಲ್ಲಿ ಚಾಲೂ ಇದೆಯಂತೆ. ಹೇಳಿದವರು ಒಬ್ಬರೇ, ಬಸ್ಸಿನಲ್ಲಿ ಪಕ್ಕ ಕೂತವರು. ಎಫ್-3. ನಾಳೆ ಬೆಳಿಗ್ಗೆ ಕೊಡ ಹಿಡಿದು ಯಾರು ಯಾವ ಕಡೆ ಹೋಗುತ್ತಾರೆ, ಹೋಗಿ ನೋಡಬೇಕು.